ಮೂರು ಡ್ರಮ್ ಡೀಸೆಲ್

೧೯೭೩ರ ನವೆಂಬರ್‌ನಲ್ಲಿ ಪೆಟ್ರೋಲ್ ಬೆಲೆ ಏರಿತು. ಕೆಲವು ದಿನಗಳ ನಂತರ, ಅದನ್ನು ಖಂಡಿಸಲು ಒಬ್ಬ ಮುಖಂಡರು ಕಡೂರಿನ ಬಸ್ ನಿಲ್ದಾಣದ ಮುಂದಕ್ಕೆ ಎತ್ತಿನ ಗಾಡಿಯಲ್ಲಿ ಬಂದರು. ದೆಹಲಿಯಲ್ಲಿ ದೊಡ್ಡವರು ಹಾಗೆ ಮಾಡಿದ್ದ ಫೋಟೋ ಪತ್ರಿಕೆಗಳಲ್ಲಿ ಬಂದಿತ್ತು. ಕಡೂರಿನ ಗಾಡಿಗೆ ಕಟ್ಟಿದ್ದು ಅಮೃತಮಹಲ್ ಜೋಡಿ. ಫೋಟೋದಲ್ಲಿ ಎದ್ದು ಕಾಣಬೇಕೆಂದು ಆ ಎತ್ತುಗಳನ್ನು ಅಜ್ಜಂಪುರದ ಕಡೆಯಿಂದ ಲಾರಿಯಲ್ಲಿ ತರಿಸಿದ್ದರು. ಗಾಡಿ ಇನ್ನೊಂದು ಲಾರಿಯಲ್ಲಿ ಬಂದಿತ್ತು. ಮುಖಂಡರು ಊರ ಹೊರಗಿನವರೆಗೆ ಕಾರಿನಲ್ಲಿ ಬಂದು, ಅಲ್ಲಿ ಇಳಿದು ಗಾಡಿ ಹತ್ತಿದರು. ಭಾಷಣ ಮುಗಿದ ಮೇಲೆ ಒಂದು ಕಾರು, ಎರಡು ಲಾರಿ ಹಿಂದಿರುಗಿದವು.

ಇದಿಷ್ಟನ್ನೂ ಬರೆದು ಕಳುಹಿಸಿದೆ. ಪತ್ರಿಕೆಯಲ್ಲಿ ಗಾಡಿ ಬಂತು, ಲಾರಿ ಬರಲಿಲ್ಲ. ನಗರದ ಕಚೇರಿಯಲ್ಲಿ ನಮ್ಮ ಜಿಲ್ಲೆಯ ಸುದ್ದಿ ತಿದ್ದುತ್ತಿದ್ದ ಉಪಸಂಪಾದಕರನ್ನು ಎಲ್ಲರೂ ರಾಯರು ಎನ್ನುತ್ತಿದ್ದರು. ಮುಂದಿನ ಸಲ ಹೋದಾಗ ಕೇಳಿದೆ.

"ಲಾರಿ ಯಾಕೆ ಹೋಯ್ತು ರಾಯರೇ?"

"ಜಾಗ ಇರಲಿಲ್ಲ."

"ಗಾಡಿಯ ಫೋಟೋಗೆ ಇತ್ತಲ್ಲ?"

"ಅದಕ್ಕೇ ಕಣಯ್ಯ ಇರಲಿಲ್ಲ."

ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರು ಊರುಗಳ ಸುತ್ತಿನ ಸುದ್ದಿಯನ್ನು ನಾನು ಹದಿನೇಳು ವರ್ಷ ಬರೆದೆ. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ನನ್ನನ್ನು ಕಂಡಾಗ ಕೇಳುವುದು, ಯಾವ ಯಾವ ಮಂತ್ರಿಗಳನ್ನು ಸಂದರ್ಶಿಸಿದಿರಿ ಎಂದು. ಮಂತ್ರಿಗಳು ಹೇಳಿದ್ದು ಅವರ ಭಾಷಣದ ಪ್ರತಿಯಲ್ಲಿ ಇರುತ್ತಿತ್ತು. ನಾನು ಹೋಗದಿದ್ದರೂ ನಡೆಯುತ್ತಿತ್ತು. ನಾನು ಹೇಳಬೇಕೆಂದಿರುವುದು ನಾನು ಮಾಡಿದ ಒಂದು ತಪ್ಪಿನ ವಿಷಯ. ಅದು ನಾನೇ ಹೋಗಿ ಮಾಡಿದ್ದು.

ಮೊದಲು ಕೆಲಸ ಹೇಗಿತ್ತು ಎಂಬುದನ್ನು ಹೇಳುತ್ತೇನೆ. ಸುದ್ದಿಯನ್ನು ಕಾಗದದ ಒಂದೇ ಬದಿಗೆ ಕೈಯಲ್ಲಿ ಬರೆಯಬೇಕು. ಲಕೋಟೆಗೆ ಹಾಕಿ ಬೀರೂರು ಜಂಕ್ಷನ್ನಿನಲ್ಲಿ ಸಂಜೆಯ ರೈಲಿಗೆ ಮುಟ್ಟಿಸಬೇಕು. ರೈಲು ತಪ್ಪಿದರೆ ಸುದ್ದಿ ಒಂದು ದಿನ ಹಳತಾಗುತ್ತದೆ. ಬೀರೂರಿನಿಂದ ಒಂದು ಹಳಿ ಕಡೂರಿಗೆ, ಒಂದು ತರೀಕೆರೆಗೆ, ಒಂದು ಅಜ್ಜಂಪುರಕ್ಕೆ ಹೋಗುತ್ತದೆ. ಹೀಗಾಗಿ ನನ್ನ ಜೀವನದ ದೊಡ್ಡ ಭಾಗ ಬೀರೂರಿನ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕಳೆದಿದೆ. ಆಗಿನ ರೈಲು ಕಲ್ಲಿದ್ದಲಿನದು. ಎಣ್ಣೆಯ ಬಿಕ್ಕಟ್ಟಿನ ದಿನಗಳಲ್ಲಿ ನಮ್ಮ ಕಡೆ ತಪ್ಪದೆ ಓಡಿದ ವಾಹನ ಅದೊಂದೇ. ಉಳಿದವರೆಲ್ಲ ಅದನ್ನು ಹಳೇ ಕಾಲದ ಗಾಡಿ ಎಂದು ಬೈಯುತ್ತಲೇ ಹತ್ತುತ್ತಿದ್ದರು.

ಎರಡನೆಯ ಬಿಕ್ಕಟ್ಟು ೧೯೭೯ರಲ್ಲಿ ಬಂತು. ಇರಾನಿನಲ್ಲಿ ದೊರೆ ದೇಶ ಬಿಟ್ಟು ಹೋದದ್ದಕ್ಕೂ ಕಡೂರಿನ ಸೀಮೆಎಣ್ಣೆ ಅಂಗಡಿಯ ಮುಂದೆ ಡಬ್ಬಗಳು ಸಾಲು ಕಟ್ಟಿದ್ದಕ್ಕೂ ಏನು ಸಂಬಂಧವೆಂದು ನನ್ನನ್ನು ಬಹಳ ಜನ ಕೇಳಿದರು. ನಾನು ಪತ್ರಿಕೆಯಲ್ಲಿ ಓದಿದ್ದನ್ನೇ ಹೇಳುತ್ತಿದ್ದೆ. ಸಾಲಿನಲ್ಲಿ ಜನ ನಿಲ್ಲುತ್ತಿರಲಿಲ್ಲ, ಡಬ್ಬಗಳು ನಿಲ್ಲುತ್ತಿದ್ದವು. ಡಬ್ಬದ ಮೇಲೆ ಸೀಮೆಸುಣ್ಣದಲ್ಲಿ ಹೆಸರು, ಗಾಳಿಗೆ ಹಾರದಂತೆ ಒಳಗೊಂದು ಕಲ್ಲು. ಒಂದು ಬೆಳಿಗ್ಗೆ ಒಂದು ಎಮ್ಮೆ ಸಾಲಿನೊಳಗೆ ನಡೆದು ಹೋಯಿತು. ಯಾರ ಡಬ್ಬ ಯಾರ ಹಿಂದೆ ಇತ್ತು ಎಂಬ ಜಗಳ ಮಧ್ಯಾಹ್ನದವರೆಗೆ ನಡೆದು, ಪೊಲೀಸ್ ಪೇದೆ ಬಂದು ಹೆಸರು ಕೂಗಿ ಮತ್ತೆ ಜೋಡಿಸಿದ. ಅಷ್ಟು ಹೊತ್ತಿಗೆ ಎಣ್ಣೆ ಬರುವುದಿಲ್ಲವೆಂದು ಅಂಗಡಿಯವನು ಬಾಗಿಲು ಹಾಕಿಕೊಂಡಿದ್ದ. ಬಸ್ ಟ್ರಿಪ್‌ಗಳು ಕಡಿಮೆಯಾದವು. ಡೀಸೆಲ್ ಅಭಾವದ ಬಗ್ಗೆ ನಾನು ಬರೆದ ಒಂದು ಸುದ್ದಿ, ಡೀಸೆಲ್ ಅಭಾವದ ಕಾರಣ, ಲಿಂಗದಹಳ್ಳಿಯ ಓದುಗರಿಗೆ ಎರಡು ದಿನ ತಡವಾಗಿ ಮುಟ್ಟಿತು.

ಡೀಸೆಲ್ ಬೇಕಾದವರಿಗೆ ಪರ್ಮಿಟ್ ಕೊಡುವ ಪದ್ಧತಿ ಬಂತು. ಪರ್ಮಿಟ್ ಬರೆದುಕೊಡುತ್ತಿದ್ದುದು ಒಂದು ಸರ್ಕಾರಿ ಕಚೇರಿ. ಅದರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದರ ಇನ್ಸ್‌ಪೆಕ್ಟರನ್ನು ಇನ್ಸ್‌ಪೆಕ್ಟರ್ ಎಂದೇ ಕರೆಯುತ್ತೇನೆ.

ಆ ವರ್ಷದ ಮಳೆಗಾಲದ ಆರಂಭದಲ್ಲಿ, ಒಂದು ಶುಕ್ರವಾರ, ಅಜ್ಜಂಪುರಕ್ಕೆ ಹೋಗಿದ್ದೆ. ಕೆಲಸ ಬೇಗ ಮುಗಿಯಿತು. ರೈಲಿಗೆ ಇನ್ನೂ ಹೊತ್ತಿದ್ದುದರಿಂದ ಪಕ್ಕದ ಒಂದು ಹಳ್ಳಿಯವರೆಗೆ ನಡೆದು ಹೋದೆ. ಊರ ಬಾಗಿಲಲ್ಲೇ ಒಂದು ಹಿಟ್ಟಿನ ಗಿರಣಿ. ಬಾಗಿಲು ಹಾಕಿತ್ತು. ಹಿಂಭಾಗಕ್ಕೆ ಹೋದಾಗ ಮೂರು ಡ್ರಮ್ ಕಂಡವು. ಮೇಲೆ ಗೋಣಿಚೀಲ ಹೊದಿಸಿತ್ತು, ಗೋಣಿ ಒದ್ದೆಯಾಗಿತ್ತು. ಡ್ರಮ್‌ಗಳಿಂದ ಒಂದು ಪೈಪ್ ಗೋಡೆಯ ಮೂಲಕ ಇಂಜಿನ್ ಇದ್ದ ಕೋಣೆಗೆ ಹೋಗಿತ್ತು. ಇಡೀ ಜಾಗ ಡೀಸೆಲ್ ನಾರುತ್ತಿತ್ತು. ಎದುರಿನ ಟೀ ಅಂಗಡಿಯಲ್ಲಿ ಕುಳಿತಿದ್ದ ಒಬ್ಬರನ್ನು, ಆ ಡ್ರಮ್‌ಗಳಲ್ಲಿ ಏನಿದೆ ಎಂದು ಕೇಳಿದೆ.

"ಮಿಲ್ಲಿನ ಹಿಂದೆ ಇನ್ನೇನ್ ಇರ್ತದೆ ಸ್ವಾಮಿ, ಎಣ್ಣೆ" ಎಂದ ಆತ. ಅವನು ಆ ಊರಿನವನಲ್ಲ, ಈರುಳ್ಳಿ ಕೊಳ್ಳಲು ಬಂದಿದ್ದವನು ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಗಿರಣಿಯ ಯಜಮಾನ ಬುಡನ್ ಸಾಬ್ ಎಂದೂ, ನಮಾಜಿಗೆ ಅಜ್ಜಂಪುರಕ್ಕೆ ಹೋಗಿದ್ದಾರೆ, ಗಂಟೆಯೊಳಗೆ ಬರುತ್ತಾರೆ ಎಂದೂ ಟೀ ಅಂಗಡಿಯವನು ಹೇಳಿದ. ಒಂದು ಗಂಟೆ ಕಾದರೆ ನನ್ನ ರೈಲು ತಪ್ಪುತ್ತಿತ್ತು. ನಾನು ರೈಲು ಹಿಡಿದೆ. ಬೀರೂರಿನ ಬೆಂಚಿನ ಮೇಲೆ ಕೂತು ಬರೆದದ್ದು ಇದು: "ಅಜ್ಜಂಪುರ: ಡೀಸೆಲ್ ಸಿಗದೆ ರೈತರು ಪರದಾಡುತ್ತಿರುವಾಗ, ಇಲ್ಲಿಗೆ ಸಮೀಪದ ಹಳ್ಳಿಯೊಂದರ ಹಿಟ್ಟಿನ ಗಿರಣಿಯ ಹಿಂಭಾಗದಲ್ಲಿ ಮೂರು ಡ್ರಮ್ ಡೀಸೆಲ್ ದಾಸ್ತಾನು ಮಾಡಲಾಗಿದೆ. ಡ್ರಮ್‌ಗಳನ್ನು ಗೋಣಿಯಿಂದ ಮರೆಮಾಡಲಾಗಿದ್ದು, ಪೈಪ್ ಮೂಲಕ ನೇರವಾಗಿ ಇಂಜಿನ್ನಿಗೆ ಸಂಪರ್ಕ ಕಲ್ಪಿಸಲಾಗಿದೆ."

ನಾನು ಕಂಡದ್ದು ಡ್ರಮ್, ಗೋಣಿ, ಪೈಪ್. ಡೀಸೆಲನ್ನು ನಾನು ಕಂಡಿರಲಿಲ್ಲ. ಸುದ್ದಿ ಮೂರನೇ ಪುಟದಲ್ಲಿ, ಮೇಲ್ಭಾಗದಲ್ಲಿ ಬಂತು. ಆ ವಾರ ನನಗೆ ಕಡೂರಿನ ಹೋಟೆಲಿನಲ್ಲಿ ಎರಡು ಸಲ ಕಾಫಿ ಕೊಡಿಸಿದರು.

ನಾಲ್ಕನೆಯ ದಿನ ಇನ್ಸ್‌ಪೆಕ್ಟರ್ ದಾಳಿ ಮಾಡಿದರು. ಡ್ರಮ್‌ಗಳು ಜಪ್ತಿಯಾದವು, ಗಿರಣಿಯ ಡೀಸೆಲ್ ಪರ್ಮಿಟ್ ರದ್ದಾಯಿತು. ನಾನು ಮತ್ತೆ ಬರೆದೆ. ಇಂಥ ಸಂದರ್ಭಕ್ಕೆಂದೇ ಪತ್ರಿಕೆಗಳು ಕಾದಿರಿಸಿಕೊಂಡ ಒಂದು ತಲೆಬರಹ ಇದೆ, ಅದನ್ನೇ ಹಾಕಿದರು: "ವರದಿಯ ಫಲಶ್ರುತಿ". ಅದರ ಮುಂದಿನ ಭಾಗ ಬರೆಯೋಣವೆಂದು ಹದಿನೈದು ದಿನ ಬಿಟ್ಟು ಅದೇ ಹಳ್ಳಿಗೆ ಹೋದೆ. ಜನ ಸಂತೋಷಪಟ್ಟಿದ್ದಾರೆ ಎಂದು ಬರೆಯುವುದು ನನ್ನ ಉದ್ದೇಶವಾಗಿತ್ತು. ಅದನ್ನು ರೈಲಿನಲ್ಲೇ ಅರ್ಧ ಬರೆದುಕೊಂಡಿದ್ದೆ.

ಗಿರಣಿಯ ಮುಂದೆ ತಲೆಯ ಮೇಲೆ ರಾಗಿ ಚೀಲ ಹೊತ್ತ ಒಬ್ಬ ಹೆಂಗಸು ನಿಂತಿದ್ದರು. ಗಂಗಮ್ಮ ಎಂದು ಹೆಸರು. ಹೆಗಲ ಚೀಲ, ಜೇಬಿನ ಪೆನ್ನು ನೋಡಿ ನನ್ನನ್ನು ಗುರುತಿಸಿದರು.

"ಪೇಪರ್‌ನೋರು ನೀವೇಯಾ?"

"ಹೌದಮ್ಮ."

"ಬರೆದಿದ್ದೂ ನೀವೇಯಾ?"

"ಹೌದು."

"ಸರಿ ಹೋಯ್ತು. ನಮ್ ಸೊಸೆ ಬಾಣಂತಿ. ಮಿಲ್ ಓಡೋ ಹೊತ್ಗೆ ಬಂದು ಆ ಡ್ರಮ್ಮಿಂದ್ಲೇ ಎರಡು ಕೊಡ ಬಿಸ್ನೀರು ಹಿಡ್ಕೊಂಡ್ ಹೋಗಿ ಎರೀತಿದ್ದೆ. ಈ ಊರಲ್ಲಿ ಬಾಣಂತೀರು, ಮಕ್ಳು ಎಲ್ಲಾ ಆ ನೀರ್ನಾಗೇ ಮಿಂದಿರೋದು. ಡೀಸೆಲ್ ಹುಯ್ದು ಬಾಣಂತಿ ಎರೀತಾರೇನಪ್ಪಾ ನಿಮ್ ಊರಲ್ಲಿ?"

ಇಂಜಿನ್ ಓಡುವಾಗ ಕಾಯುತ್ತದೆ. ಅದು ತಣ್ಣಗಿರಲೆಂದು ಡ್ರಮ್‌ಗಳಲ್ಲಿ ನೀರು ತುಂಬಿ, ಪೈಪಿನಲ್ಲಿ ಇಂಜಿನ್ನಿನ ಸುತ್ತ ಹರಿಸುತ್ತಾರೆ. ಡ್ರಮ್‌ಗೆ ತಂಪಿಗಾಗಿ ಒದ್ದೆ ಗೋಣಿ ಹೊದಿಸುತ್ತಾರೆ. ಡೀಸೆಲ್ ಗಿರಣಿ ಇರುವ ಯಾವ ಊರಿನಲ್ಲಾದರೂ ಎರಡನೇ ಕ್ಲಾಸಿನ ಮಗುವಿಗೆ ಇದು ಗೊತ್ತು. ನಾನು ಬಿ.ಎ. ಓದಿದ್ದೆ.

"ಈಗ ರಾಗಿ ಹೊತ್ಕೊಂಡು ಅಜ್ಜಂಪುರಕ್ಕೆ ಹೋಗ್ತಾ ಇದೀನಿ. ಅಲ್ಲೂ ಎಣ್ಣೆ ಇದ್ರೆ ಬೀಸ್ತಾರೆ, ಇಲ್ದಿದ್ರೆ ಇಲ್ಲ. ಹಂಗೇ ಹೊತ್ಕೊಂಡ್ ಬರ್ಬೇಕು. ನಿಮ್ ಪೇಪರ್ ಏನಾರಾ ಬೀಸ್ಕೊಡ್ತದಾ?"

"ಮನೆಯಲ್ಲಿ ಬೀಸೋಕಲ್ಲು ಇಲ್ವಾ?" ಎಂದು ಕೇಳಿದೆ. ಕೇಳಬಾರದಿತ್ತು.

"ಐತೆ. ಬಚ್ಚಲಲ್ಲಿ ಬಟ್ಟೆ ಒಗೆಯೋಕೆ ಹಾಕಿದೀವಿ. ಬನ್ನಿ, ಕೂತ್ಕೊಂಡು ಎರಡು ಸೇರು ಬೀಸಿ ನೋಡಾನ."

ಆ ದಿನ ನಾಲ್ಕಾರು ಮನೆ ನೋಡಿದೆ. ಒಂದರಲ್ಲಿ ಬೀಸುವ ಕಲ್ಲಿನ ಮೇಲಿನ ಹೋಳು ಬಾಗಿಲಿಗೆ ಒತ್ತಾಗಿತ್ತು. ಇನ್ನೊಂದರಲ್ಲಿ ಅದು ಹುಲ್ಲಿನ ಮೆದೆಯ ಮೇಲೆ ಗಾಳಿಗೆ ಭಾರವಾಗಿ ಕುಳಿತಿತ್ತು. ಗೂಟ ಉಳಿದಿದ್ದ ಕಲ್ಲು ಒಂದು ಸಿಕ್ಕಿತು, ಆದರೆ ಆ ಮನೆಯ ಸೊಸೆಯರಲ್ಲಿ ಯಾರಿಗೂ ಅದರ ಮುಂದೆ ಹೇಗೆ ಕೂರಬೇಕೆಂದು ತಿಳಿಯದು. ಅತ್ತೆ ಮರೆತಿದ್ದರು. ಗಿರಣಿ ಬಂದು ಇಪ್ಪತ್ತು ವರ್ಷವೂ ಆಗಿರಲಿಲ್ಲ. ಆ ಊರಿನಲ್ಲಿ ಕಾರು ಇರಲಿಲ್ಲ, ಮೋಟಾರ್ ಸೈಕಲ್ ಇರಲಿಲ್ಲ. ಪೆಟ್ರೋಲ್ ಬೆಲೆ ಎಷ್ಟೆಂದು ಯಾರಿಗೂ ಗೊತ್ತಿರಲಿಲ್ಲ. ಮುದ್ದೆ ಮಾತ್ರ ಡೀಸೆಲಿನಿಂದ ಆಗುತ್ತಿತ್ತು.

ಬುಡನ್ ಸಾಬ್ ಗಿರಣಿಯ ಕಟ್ಟೆಯ ಮೇಲೆ ಕೂತಿದ್ದರು. ಐವತ್ತು ದಾಟಿದ, ಗಿರಣಿ ನಿಂತು ಎರಡು ವಾರವಾದರೂ ಹುಬ್ಬಿನಲ್ಲಿ ಹಿಟ್ಟು ಕೂತಂತಿದ್ದ ಮನುಷ್ಯ. ಒಳಗೆ ಇಂಜಿನ್ನಿನ ಪಟ್ಟಿ ಬಿಚ್ಚಿ ಗೋಡೆಗೆ ನೇತು ಹಾಕಿತ್ತು. ನನ್ನನ್ನು ಕಂಡು ಬೈಯಲಿಲ್ಲ.

"ಬನ್ನಿ ಸಾಬ್, ಕೂತ್ಕೊಳ್ಳಿ. ಅವತ್ತೇ ಕೂತಿದ್ರೆ ಆಗ್ತಿತ್ತು. ನಮಾಜ್‌ಗೆ ಹೋಗಿದ್ದೆ ನಾನು, ಮಕ್ಕಾಕ್ಕೆ ಅಲ್ಲ."

ದಾಳಿ ಹೇಗಾಯಿತೆಂದು ಅವರೇ ಹೇಳಿದರು. ಇನ್ಸ್‌ಪೆಕ್ಟರ್ ಜೀಪಿನಿಂದ ಇಳಿಯಲಿಲ್ಲ. ತೊಡೆಯ ಮೇಲೆ ಪತ್ರಿಕೆಯ ತುಣುಕು ಇಟ್ಟುಕೊಂಡು ಪಂಚನಾಮೆ ಬರೆದು ಮುಗಿಸಿದರು. ಆಮೇಲೆ ಆ ಪಂಚನಾಮೆಯನ್ನು ನಾನು ನೋಡಿದೆ. ಮೊದಲ ಎರಡು ವಾಕ್ಯ ನನ್ನವೇ.

"ನೀರು ಸಾಹೇಬ್, ಮುಚ್ಚಳ ತೆಗೆದು ನೋಡಿ ಅಂದೆ. ಉರಿಯೋ ವಸ್ತು, ಬಿಚ್ಚೋ ಹಾಗಿಲ್ಲ, ಅಪಾಯ ಅಂದ್ರು. ಅಪಾಯ ಅಂತ ಹೇಳಿ ಅದರ ಮೇಲೇ ಕಡ್ಡಿ ಗೀರಿ ಅರಗು ಕಾಯಿಸಿ ಮೊಹರು ಹಾಕಿಸಿದ್ರು. ಪೈಪ್ ಬಿಚ್ಚಿ ಬಿರಡೆ ಬಿಗಿಯುವಾಗ ನೀರು ಚೆಲ್ತು. ಡ್ರಮ್ ಎತ್ತೋ ಜನ ನಕ್ಕರು. ಜೀಪಲ್ಲಿದ್ದೋರಿಗೆ ಕಾಣಲಿಲ್ಲ."

"ಸಾಕ್ಷಿಗೆ ರುಜು ಹಾಕಿದವರು ಯಾರು?"

"ಈ ಟೀ ಅಂಗಡಿಯವನು ಒಬ್ಬ. ಕರೆದು ಕೇಳಿ."

ಕೇಳಿದೆ. "ಬರೆದಾಗಿತ್ತು ಸ್ವಾಮಿ. ಇಲ್ ಹಾಕು ಅಂದ್ರು, ಹಾಕ್ದೆ. ಒಳಗೇನೈತೆ ಅಂತ ನನ್ನ ಯಾರೂ ಕೇಳ್ಲಿಲ್ಲ" ಎಂದ. ಆ ಶುಕ್ರವಾರ ನಾನೂ ಅವನನ್ನು ಕೇಳಿರಲಿಲ್ಲ. ಅವನ ಅಂಗಡಿಯಲ್ಲಿ ಕೂತಿದ್ದ ಈರುಳ್ಳಿಯವನನ್ನು ಕೇಳಿದ್ದೆ.

ಬುಡನ್ ಸಾಬ್ ನನ್ನಿಂದ ಕೇಳಿದ್ದು ಒಂದೇ. "ಡ್ರಮ್ ಹೋಗ್ಲಿ. ಪರ್ಮಿಟ್ ಬೇಕು ಸಾಬ್. ಇಂಜಿನ್ ಮಳೆಗಾಲ ಪೂರ್ತಿ ನಿಂತ್ರೆ ಒಳಗೆ ಕಿಲುಬು ಹಿಡೀತದೆ. ಆಮೇಲೆ ಪರ್ಮಿಟ್ ಬಂದು ಏನ್ ಮಾಡೋದು? ದೀಪಾವಳಿಯೊಳಗೆ ಓಡಲೇಬೇಕು."

ಮರುದಿನವೇ ನಗರಕ್ಕೆ ಹೋದೆ. ರಾಯರ ಮುಂದೆ ನಿಂತು, ತಪ್ಪಾಗಿದೆ, ತಿದ್ದುಪಡಿ ಹಾಕಿ ಎಂದೆ. ಅವರು ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆಯುವುದು ಬೈಯುವ ಮೊದಲು.

"ನೋಡಿದ್ದನ್ನ 'ಇದೆ' ಅಂತ ಬರಿ, ಕೇಳಿದ್ದನ್ನ ಯಾರು ಹೇಳಿದ್ರೋ ಅವರ ತಲೆ ಮೇಲೆ ಹಾಕು, ಗೊತ್ತಿಲ್ಲದಿದ್ದರೆ ಬಾಯಿ ಮುಚ್ಕೊಂಡಿರು. ಮೂರರಲ್ಲಿ ಯಾವುದನ್ನ ಮಾಡಿದೆಯಯ್ಯಾ ನೀನು?"

"ಯಾವುದೂ ಇಲ್ಲ."

"ಈಗ ನೀರು ಅಂತ ಯಾರು ಹೇಳ್ತಾರೆ?"

"ಊರಿನವರೆಲ್ಲ."

"ಸರ್ಕಾರಿ ಕಾಗದದಲ್ಲಿ ಡೀಸೆಲ್ ಇದೆ. ಅಧಿಕೃತ ಹೇಳಿಕೆ ಇಲ್ಲದೆ ತಿದ್ದುಪಡಿ ಹಾಕೋಕಾಗಲ್ಲ."

"ಮೊದಲು ಹಾಕಿದಾಗ ಯಾವ ಅಧಿಕೃತ ಹೇಳಿಕೆ ಇತ್ತು ರಾಯರೇ?"

"ಹಾಕೋಕೆ ನೀನು ಸಾಕು. ತೆಗೆಯೋಕೆ ಸರ್ಕಾರ ಬೇಕು."

ಸರ್ಕಾರದ ಬಳಿ ಹೋದೆ. ಕಚೇರಿಯ ಹಿಂದಿನ ಜಗಲಿಯಲ್ಲಿ ಮೂರೂ ಡ್ರಮ್ ಕೆಂಪು ಮೊಹರಿನೊಂದಿಗೆ ನಿಂತಿದ್ದವು. ಇನ್ಸ್‌ಪೆಕ್ಟರ್ ಒಳ್ಳೆಯ ಮೂಡಿನಲ್ಲಿದ್ದರು. ಜಪ್ತಿಗಾಗಿ ಮೇಲಿನಿಂದ ಪ್ರಶಂಸೆ ಬಂದಿತ್ತು.

"ಸಾರ್, ಡ್ರಮ್‌ನಲ್ಲಿರೋದು ನೀರು."

"ಯಾರ್ರೀ ಹೇಳಿದ್ದು ನೀರು ಅಂತ?"

"ಹಳ್ಳಿಯವರು."

"ಡೀಸೆಲ್ ಅಂತ ಹೇಳಿದ್ಯಾರು?" ಎಂದು ಕಡತ ತೆರೆದು ತೋರಿಸಿದರು. ಮೊದಲ ಹಾಳೆಗೇ ನನ್ನ ಸುದ್ದಿಯ ತುಣುಕನ್ನು ಗುಂಡುಸೂಜಿಯಿಂದ ಚುಚ್ಚಿದ್ದರು.

"ಒಂದು ಮುಚ್ಚಳ ಬಿಚ್ಚಿ ನೋಡಬಹುದಲ್ಲ ಸಾರ್?"

"ಮೊಹರು ಒಡೆಯೋಕೆ ಆರ್ಡರ್ ಬೇಕು. ಆರ್ಡರ್ ಕೊಡೋಕೆ, ಒಳಗೆ ಡೀಸೆಲ್ ಇಲ್ಲ ಅನ್ನೋಕೆ ಆಧಾರ ಬೇಕು. ಆಧಾರ ಒಳಗಿದೆ. ಏನ್ ಮಾಡೋಣ ಹೇಳಿ?"

ಅವರು ತಮಾಷೆ ಮಾಡುತ್ತಿರಲಿಲ್ಲ.

ಆಷಾಢ ಕಳೆಯಿತು. ಬುಡನ್ ಸಾಬ್ ಪ್ರತಿ ಸೋಮವಾರ ಕಚೇರಿಗೆ ಬಂದು ಹಿಂದಿನ ಜಗಲಿಯಲ್ಲಿ, ತಮ್ಮ ಡ್ರಮ್‌ಗಳ ಪಕ್ಕದಲ್ಲೇ, ಕೂರುತ್ತಿದ್ದರು. ಇನ್ಸ್‌ಪೆಕ್ಟರ್ ಸೋಮವಾರಗಳಂದು ಕ್ಯಾಂಪಿನಲ್ಲಿ ಇರುತ್ತಿದ್ದರು. ಇಂಜಿನ್ನಿಗೆ ಕಿಲುಬು ಹಿಡಿಯದಿರಲೆಂದು ಬುಡನ್ ಸಾಬ್ ಚಕ್ರವನ್ನು ದಿನವೂ ಕೈಯಲ್ಲಿ ತಿರುಗಿಸುತ್ತಿದ್ದಾರೆ ಎಂದು ಕೇಳಿದೆ.

ಶ್ರಾವಣದಲ್ಲಿ ಲಿಂಗದಹಳ್ಳಿಯಲ್ಲಿ ಇಂಧನ ಉಳಿತಾಯದ ಬಗ್ಗೆ ಒಂದು ಸಭೆ ಏರ್ಪಾಡಾಯಿತು. ಮುಖ್ಯ ಭಾಷಣ ಇನ್ಸ್‌ಪೆಕ್ಟರರದು. ನಾನು ತರೀಕೆರೆಯಿಂದ ಬಸ್ಸಿನಲ್ಲಿ ಹೋಗಿ ಕಾದು ಕೂತೆ. ಹನ್ನೊಂದು ಗಂಟೆಯ ಸಭೆಗೆ ಮಧ್ಯಾಹ್ನ ಒಂದು ಗಂಟೆಯಾದರೂ ಅತಿಥಿಗಳಿಲ್ಲ. ಕೊನೆಗೆ ಬಂದರು, ಗೊಬ್ಬರ ಹೊಡೆಯುವ ಎತ್ತಿನ ಗಾಡಿಯಲ್ಲಿ, ಮಂಡಿಗೆ ಕರವಸ್ತ್ರ ಹಾಸಿಕೊಂಡು. ಇಂಧನ ಉಳಿಸಲು ಸಾಹೇಬರು ತಾವೇ ಮಾದರಿಯಾಗಿದ್ದಾರೆಂದು ಭಾವಿಸಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇನ್ಸ್‌ಪೆಕ್ಟರ್ ಸುತ್ತ ನೋಡಿ, ಪರಿಸ್ಥಿತಿ ಅರ್ಥ ಮಾಡಿಕೊಂಡು, ಕೈ ಮುಗಿದರು. ಭಾಷಣದಲ್ಲಿ ಆ ಗಾಡಿಯನ್ನು ಎರಡು ಸಲ ಉಲ್ಲೇಖಿಸಿದರು.

ಜೀಪು ಎಲ್ಲಿ ಎಂದು ಹುಡುಕಿಕೊಂಡು ನಾನು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದೆ. ಎರಡು ಮೈಲಿ ದೂರದಲ್ಲಿ ಸಿಕ್ಕಿತು. ತರೀಕೆರೆಯಿಂದ ಬಂದಿದ್ದ ಮೆಕ್ಯಾನಿಕ್ ಟ್ಯಾಂಕಿನ ತಳದ ಬಿರಡೆ ಬಿಚ್ಚಿ ಬಕೆಟ್ ಹಿಡಿದಿದ್ದ. ಪಕ್ಕದಲ್ಲಿ ಡ್ರೈವರ್ ಹಾಲಪ್ಪ ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

"ಏನ್ ಹಾಕಿದ್ಯೋ ಇದಕ್ಕೆ?" ಎಂದು ಮೆಕ್ಯಾನಿಕ್ ಕೇಳುತ್ತಿದ್ದ. "ಇಂಜಿನ್ನಾ ಇದು, ಎಮ್ಮೆನಾ? ಬಕೆಟ್‌ಗಟ್ಲೆ ನೀರು ಕುಡಿಸಿದ್ಯಲ್ಲೋ."

ಹಾಲಪ್ಪ ನನ್ನನ್ನು ನೋಡಿ ಖಾಲಿ ಕ್ಯಾನನ್ನು ಹಿಂದಕ್ಕೆ ಸರಿಸಿದ. ಆಮೇಲೆ ಟೀ ಕುಡಿಯುತ್ತ ತಾನಾಗಿಯೇ ಬಾಯಿ ಬಿಟ್ಟ. "ಎಲ್ಲೂ ಡೀಸೆಲ್ ಇಲ್ಲ. ಸಭೆಗೆ ಹೋಗ್ಲೇಬೇಕು ಅಂದ್ರು. ಹಿಂದ್ಗಡೆ ಮೂರು ಡ್ರಮ್ ಐತಲ್ಲೋ, ಸರ್ಕಾರದ್ದು ಸರ್ಕಾರಕ್ಕೆ ಹಾಕಿದ್ರೆ ತಪ್ಪೇನು ಅಂದ್ರು. ಭಾನುವಾರ ಜವಾನ ಒಂದರ ಮೊಹರು ಒಡ್ದು, ಡ್ರಮ್ ವಾಲಿಸಿ ಕ್ಯಾನಿಗೆ ತುಂಬ್ಸಿಟ್ಟಿದ್ದ. ಕ್ಯಾನು ಎಣ್ಣೇದೇ, ವಾಸ್ನೇನೂ ಎಣ್ಣೇದೇ. ನಾನು ಹುಯ್ದೆ ಅಷ್ಟೆ. ನನ್ ಹೆಸ್ರು ಬರೀಬೇಡಿ ಕಣ್ರೀ, ಮೂರು ಜನ ಹೆಣ್ಮಕ್ಳು."

ಹಾಲಪ್ಪ ಈಗ ಇಲ್ಲ. ಅವನ ಹೆಸರೂ ಹಾಲಪ್ಪನಲ್ಲ.

ಅಂದರೆ ಡ್ರಮ್‌ನಲ್ಲಿ ನೀರಿದೆ ಎಂಬುದು ಈಗ ಕಚೇರಿಗೇ ಖಚಿತವಾಗಿ ಗೊತ್ತಿತ್ತು. ಗೊತ್ತಿದೆ ಎಂದು ಹೇಳಬೇಕಾದರೆ, ಹೇಗೆ ಗೊತ್ತಾಯಿತೆಂದು ಹೇಳಬೇಕಿತ್ತು. ನಾನು ಇನ್ಸ್‌ಪೆಕ್ಟರರನ್ನು ಹೋಗಿ ಕೇಳಿದೆ.

"ಜೀಪಿನ ಟ್ಯಾಂಕಿನಲ್ಲಿ ನೀರು ಹೇಗೆ ಬಂತು ಸಾರ್?"

"ಕಲಬೆರಕೆ. ಬಂಕ್‌ನೋರು ನೀರು ಬೆರೆಸಿದಾರೆ."

"ಯಾವ ಬಂಕ್ ಸಾರ್?"

ಆ ವಾರ ನಮ್ಮ ಸುತ್ತಿನ ಯಾವ ಬಂಕ್‌ನಲ್ಲೂ ಡೀಸೆಲ್ ಇರಲಿಲ್ಲ. ಆ ಸುದ್ದಿಯನ್ನು ಅವರ ಹೇಳಿಕೆಯೊಂದಿಗೆ ನಾನೇ ಬರೆದಿದ್ದೆ. ಅವರು ಗಡಿಯಾರ ನೋಡಿಕೊಂಡು, ಮೀಟಿಂಗ್ ಇದೆ ಎಂದು ಎದ್ದರು.

ಜೀಪು ನಿಂತದ್ದು, ಟ್ಯಾಂಕಿನಲ್ಲಿ ನೀರು ಸಿಕ್ಕಿದ್ದು, ಇಷ್ಟನ್ನೇ ಐದು ಸಾಲಿನಲ್ಲಿ ಬರೆದೆ. ಕಂಡದ್ದು ಅಷ್ಟೇ. ರಾಯರು ಒಂದಕ್ಷರ ತಿದ್ದದೆ ಹಾಕಿದರು. ಓದಿದವರು ನಕ್ಕರು. ಬುಡನ್ ಸಾಬ್‌ಗೆ ಅದರಿಂದ ಏನೂ ಆಗಲಿಲ್ಲ. ಆಗಿದ್ದು ಇಷ್ಟು: ಮೊಹರು ಒಡೆದ ಡ್ರಮ್ಮನ್ನು ಹೊರಗಿನವರಿಗೆ ಕಾಣದಂತೆ ಕಚೇರಿಯ ಹಿತ್ತಲಿನ ಮೂಲೆಗೆ 'ವರ್ಗಾಯಿಸಿದರು'. ಗಡಿಬಿಡಿಯಲ್ಲಿ ಬಿರಡೆ ಹಾಕುವುದನ್ನು ಮರೆತರು.

ಬುಡನ್ ಸಾಬ್ ಆ ಡ್ರಮ್ಮನ್ನು ಮರೆಯಲಿಲ್ಲ. ಸೋಮವಾರಗಳಂದು ಕಾಯುತ್ತ ಕೂತವರಿಗೆ ನೋಡಲು ಬೇರೇನಿರುತ್ತದೆ? ಭಾದ್ರಪದದ ಒಂದು ಸೋಮವಾರ ಆ ಡ್ರಮ್ಮಿನ ತೂತಿನೊಳಗೆ ಇಣುಕಿದಾಗ ನೀರಿನ ಮೇಲೆ ಸೊಳ್ಳೆಯ ಮರಿಗಳು ಕುಣಿಯುತ್ತಿದ್ದವು. ಅವರು ಇನ್ಸ್‌ಪೆಕ್ಟರರಿಗೆ ಕಾಯುವುದನ್ನು ಬಿಟ್ಟು, ಮಲೇರಿಯಾ ಇಲಾಖೆಯ ತಿಪ್ಪೇಸ್ವಾಮಿಯನ್ನು ಹುಡುಕಿಕೊಂಡು ಹೋದರು. ತಿಪ್ಪೇಸ್ವಾಮಿ ಹಳ್ಳಿ ಹಳ್ಳಿ ತಿರುಗಿ ಜ್ವರ ವಿಚಾರಿಸಿ, ಮನೆಯ ಗೋಡೆಯ ಮೇಲೆ ತಾರೀಖು ಬರೆದು ಹೋಗುತ್ತಿದ್ದ ನೌಕರ. ನಿಂತ ನೀರು ಕಂಡರೆ ಅದರ ಮೇಲೆ ಎಣ್ಣೆ ಹಾಕುವುದು ಅವನ ಕೆಲಸ.

"ನಿಂತ ನೀರು ಸರ್ಕಾರಿ ಕಚೇರೀಲಿದ್ರೆ ನೀವು ಮುಟ್ತೀರೋ ಇಲ್ವೋ?" ಎಂದು ಬುಡನ್ ಸಾಬ್ ಕೇಳಿದರಂತೆ.

"ಸೊಳ್ಳೆ ಏನು, ಕಚೇರಿಗೆ ರಜಾ ಚೀಟಿ ಕೊಟ್ಟು ಹೋಯ್ತದಾ? ತೋರ್ಸಿ" ಎಂದನಂತೆ ತಿಪ್ಪೇಸ್ವಾಮಿ.

ಬಂದು ನೋಡಿದ. ಎಣ್ಣೆ ಹಾಕಬೇಕಿತ್ತು. ಆ ವರ್ಷ ಅವನಿಗೂ ಎಣ್ಣೆಯ ಸರಬರಾಜು ನಿಂತಿತ್ತು. ಎಣ್ಣೆ ಇಲ್ಲದಾಗ ನೀರು ಚೆಲ್ಲಿಸಬೇಕು, ಚೆಲ್ಲಿಸಲು ನೋಟೀಸು ಕೊಡಬೇಕು ಎಂದು ಅವನ ನಿಯಮ. ಅವನು ಕೊಟ್ಟ ನೋಟೀಸಿನ ಪ್ರತಿ ನನ್ನ ಬಳಿ ಇದೆ: "ತಮ್ಮ ಕಚೇರಿಯ ಆವರಣದ ಡ್ರಮ್ಮೊಂದರಲ್ಲಿ ನಿಂತ ನೀರಿದ್ದು, ಸೊಳ್ಳೆ ಮರಿಗಳು ಕಂಡುಬಂದಿವೆ. ಎಣ್ಣೆ ದಾಸ್ತಾನು ಇಲ್ಲದ ಪ್ರಯುಕ್ತ ಏಳು ದಿನದೊಳಗೆ ಸದರಿ ನೀರನ್ನು ಖಾಲಿ ಮಾಡಿಸತಕ್ಕದ್ದು." ಕೆಳಗೆ ರುಜು, ಮೊಹರು. ಡ್ರಮ್ಮಿನ ಮೇಲೂ ಸೀಮೆಸುಣ್ಣದಲ್ಲಿ "ನೀರು" ಎಂದು ಬರೆದು ತಾರೀಖು ಹಾಕಿದ್ದ.

ಮಳೆ ಬಿದ್ದು ಡೀಸೆಲ್ಲಿಗೆ ನೀರು ಸೇರಿರಬೇಕು ಎಂದು ಇನ್ಸ್‌ಪೆಕ್ಟರ್ ವಾದಿಸಿದರು.

"ಸಾರ್, ಮರಿ ಸಾಯ್ಲಿ ಅಂತ್ಲೇ ನಾವು ಎಣ್ಣೆ ಹಾಕೋದು" ಎಂದ ತಿಪ್ಪೇಸ್ವಾಮಿ. "ಇದ್ರಲ್ಲಿ ಒಂದು ಚಮಚ ಎಣ್ಣೆ ಇದ್ದಿದ್ರೂ ಅವು ಬದುಕ್ತಿರ್ಲಿಲ್ಲ. ಡೀಸೆಲ್ಲೇ ಅಂತೀರಾ? ಹಂಗಂತ ಬರ್ಕೊಡಿ, ನಮ್ ಡಾಕ್ಟ್ರಿಗೆ ಕಳಿಸ್ತೀನಿ. ಡೀಸೆಲ್‌ನಾಗೆ ಹುಟ್ಟೋ ಸೊಳ್ಳೆ ಇಡೀ ದೇಶದಲ್ಲಿ ಇದೊಂದೇ."

ಇನ್ಸ್‌ಪೆಕ್ಟರ್ ಬರೆದುಕೊಡಲಿಲ್ಲ. ನಾನು ನೋಟೀಸಿನ ಪ್ರತಿಯನ್ನು ರಾಯರ ಮೇಜಿನ ಮೇಲಿಟ್ಟೆ. ಅವರು ಎರಡು ಸಲ ಓದಿ, ಮೊಹರನ್ನು ಬೆಳಕಿಗೆ ಹಿಡಿದು ನೋಡಿ, "ಇದು ಅಧಿಕೃತ" ಎಂದರು. ತಿದ್ದುಪಡಿ ಮೂರು ಸಾಲು, ಆರನೇ ಪುಟದಲ್ಲಿ, ಕೊಬ್ಬರಿ ಧಾರಣೆಯ ಕೆಳಗೆ ಬಂತು. ತಪ್ಪು ಬಂದಿದ್ದು ಮೂರನೇ ಪುಟದಲ್ಲಿ ಎಂದು ನೆನಪಿಸಿದೆ. "ಅಲ್ಲಿ ಜಾಗ ಇರಲಿಲ್ಲ" ಎಂದರು.

ತಿದ್ದುಪಡಿಯ ತುಣುಕನ್ನೂ ಕಡತಕ್ಕೆ ಚುಚ್ಚಿದರು. ಹತ್ತು ದಿನಗಳ ನಂತರ ಬುಡನ್ ಸಾಬ್‌ಗೆ ಆದೇಶ ಬಂತು. ಡ್ರಮ್‌ನಲ್ಲಿ ನೀರಿತ್ತು ಎಂದು ಅದರಲ್ಲಿ ಎಲ್ಲಿಯೂ ಇರಲಿಲ್ಲ. "ಮಾನವೀಯ ದೃಷ್ಟಿಯಿಂದ" ಪರ್ಮಿಟ್ ಮರಳಿಸಲಾಗಿದೆ ಎಂದಿತ್ತು. ಮೊಹರು ಒಡೆದ ಡ್ರಮ್ಮಿನ ನೀರನ್ನು ಚೆಲ್ಲಿ, ಖಾಲಿ ಡ್ರಮ್ಮನ್ನು ವಾಪಸು ಕೊಟ್ಟರು. ಮೊಹರು ಸರಿಯಾಗಿದ್ದ ಎರಡನ್ನು ಕೊಡಲಿಲ್ಲ. ಅವುಗಳ ಮೇಲೆ ತಿಪ್ಪೇಸ್ವಾಮಿ ಏನೂ ಬರೆದಿರಲಿಲ್ಲ.

ದೀಪಾವಳಿಗೆ ಎಂಟು ದಿನ ಮೊದಲು ನಾನು ಆ ಹಳ್ಳಿಯಲ್ಲಿದ್ದೆ. ಗಿರಣಿಯ ಹಿಂದೆ ಊರವರು ಒಂದು ಸಿಮೆಂಟ್ ತೊಟ್ಟಿ ಕಟ್ಟಿಕೊಟ್ಟಿದ್ದರು. ಬುಡನ್ ಸಾಬ್ ಹ್ಯಾಂಡಲ್ ಹಾಕಿ ತಿರುಗಿಸಿದರು. ಇಂಜಿನ್ ಮೂರು ಸಲ ಕೆಮ್ಮಿತು, ನಾಲ್ಕನೆಯ ಸಲ ಹಿಡಿಯಿತು. ಗಂಗಮ್ಮನ ರಾಗಿ ಮೊದಲು. ಹಿಟ್ಟು ಕಟ್ಟಿಕೊಂಡು, ಕೊಡ ಹಿಡಿದು ತೊಟ್ಟಿಯ ಹತ್ತಿರ ಬಂದು ನನ್ನನ್ನು ಕರೆದರು.

"ಬನ್ನಿ ಪೇಪರ್‌ನೋರೇ. ಕೈ ಅದ್ದಿ ನೋಡಿ, ಆಮೇಲ್ ಬರ್ಕಳಿ."

ಅದ್ದಿದೆ. ಬೆಚ್ಚಗಿತ್ತು. ಸೊಸೆಯ ಬಾಣಂತನ ಅಷ್ಟರಲ್ಲಿ ಮುಗಿದಿತ್ತು.

ಆಮೇಲಿನ ವರ್ಷಗಳಲ್ಲಿ ನಾನು ಒಂದು ಪದ್ಧತಿ ಇಟ್ಟುಕೊಂಡೆ. ಮುಚ್ಚಿದ ಯಾವ ಪಾತ್ರೆಯ ಬಗ್ಗೆ ಬರೆಯುವುದಿದ್ದರೂ ಮುಚ್ಚಳ ತೆಗೆಸಿ ನೋಡುತ್ತಿದ್ದೆ. ಇದರಿಂದ ಹಲವು ಸಂಜೆಯ ರೈಲುಗಳು ತಪ್ಪಿವೆ. ತಪ್ಪಿದ ರೈಲಿನ ಬಗ್ಗೆ ರಾಯರು ಬೈಯುತ್ತಿದ್ದರು, ನಾನು ಕೇಳಿಸಿಕೊಳ್ಳುತ್ತಿದ್ದೆ. ಈಗ ನಗರದ ಕಚೇರಿಗೆ ಹೊಸ ಹೊಸ ಯಂತ್ರಗಳು ಬಂದಿವೆಯಂತೆ, ಸುದ್ದಿ ನಿಮಿಷಗಳಲ್ಲಿ ತಲುಪುತ್ತದಂತೆ. ತಪ್ಪೂ ಅಷ್ಟೇ ಬೇಗ ತಲುಪುತ್ತದೆ. ತಿದ್ದುಪಡಿಗೆ ಎಷ್ಟು ಹೊತ್ತು ಬೇಕೆಂದು ಇನ್ನೂ ಯಾರೂ ಹೇಳಿಲ್ಲ. ಬುಡನ್ ಸಾಬ್ ಗಿರಣಿಗೆ ಕರೆಂಟಿನ ಮೋಟಾರ್ ಬಂದಿದೆ. ಕರೆಂಟ್ ಹೋದಾಗ ಹಳೆಯ ಇಂಜಿನ್ ಹಾಕುತ್ತಾರೆ. ಆ ದಿನ ಊರಿನ ಹೆಂಗಸರು ಕೊಡ ತೆಗೆದುಕೊಂಡು ಬರುತ್ತಾರೆ.

ನಾನು ನಿವೃತ್ತನಾದದ್ದು ೧೯೮೮ರಲ್ಲಿ. ಮರುವರ್ಷ ಆ ಕಚೇರಿಯ ಬೋರ್ಡಿನ ಮೇಲೆ ಹಳೆಯ ಜಪ್ತಿ ಸಾಮಾನುಗಳ ಹರಾಜಿನ ಪ್ರಕಟಣೆ ಅಂಟಿಸಿದ್ದರು. ಪಟ್ಟಿಯಲ್ಲಿ ಒಂದು ಬಾಬು: "ಡೀಸೆಲ್, ಡ್ರಮ್ ಎರಡು, ಮೊಹರು ಸುಸ್ಥಿತಿಯಲ್ಲಿದೆ." ಹಿಂದಿನ ಹತ್ತು ವರ್ಷಗಳಲ್ಲಿ ಡೀಸೆಲ್ ಬೆಲೆ ಹಲವು ಸಲ ಏರಿದ್ದರಿಂದ, ಆ ಬಾಬಿನ ಸರ್ಕಾರಿ ಸವಾಲಿನ ಕನಿಷ್ಠ ಮೊತ್ತವನ್ನೂ ಅದಕ್ಕೆ ತಕ್ಕಂತೆ ಏರಿಸಲಾಗಿತ್ತು. ಹರಾಜಿಗೆ ನಾನು ಹೋಗಿದ್ದೆ. ಆ ಬಾಬಿಗೆ ಬಂದಿದ್ದವರು ಬುಡನ್ ಸಾಬ್ ಒಬ್ಬರೇ. ಎರಡು ಖಾಲಿ ಡ್ರಮ್ಮಿಗೆ ಎಷ್ಟು ಕೊಡಬಹುದೋ ಅಷ್ಟನ್ನು ಕೂಗಿದರು. ಅದು ಡೀಸೆಲ್ ಬೆಲೆಗಿಂತ ಕಡಿಮೆ ಇದ್ದುದರಿಂದ ಸವಾಲನ್ನು ಒಪ್ಪದೆ, ಹರಾಜನ್ನು ಮುಂದಕ್ಕೆ ಹಾಕಲಾಯಿತು.